ಹೊರೆ ಕಟ್ಟಿದ ಮೇಲಷ್ಟೇ ತಿಳಿಯುವ ಓಟ

ಒಂದು ಜೋಡಿ ಎತ್ತು ದಿನಕ್ಕೆ ಎಷ್ಟು ದೂರ ನಡೆದೀತು ಎಂದು ಕೃಷ್ಣಾ ತೀರದ ಯಾವ ರೈತನನ್ನಾದರೂ ಕೇಳಿ ನೋಡಿ. ಉತ್ತರಕ್ಕೆ ಮೊದಲು ಆತ ಮರುಪ್ರಶ್ನೆ ಹಾಕುತ್ತಾನೆ. ಗಾಡಿಯಲ್ಲಿ ಹೇರು ಎಷ್ಟು? ದಾರಿ ಡಾಂಬರಿನದೋ, ಎರೆಮಣ್ಣಿನದೋ? ನಡುವೆ ಏರು ಇದೆಯೋ? ಈ ಮೂರನ್ನೂ ತಿಳಿಯದೆ ಎತ್ತಿನ ನಡಿಗೆಯ ಬಗ್ಗೆ ಮಾತನಾಡುವುದು ಅವನ ದೃಷ್ಟಿಯಲ್ಲಿ ಬರಿಯ ಹರಟೆ. ಆದರೆ ವಿದ್ಯುತ್ ವಾಹನದ ಮಾತು ಬಂದಾಗ ವಿದ್ಯಾವಂತರಾದ ನಾವು ಈ ವಿವೇಕವನ್ನು ಬದಿಗಿರಿಸಿ, ‘ಒಂದು ಚಾರ್ಜಿಗೆ ಎಷ್ಟು ಕಿಲೊಮೀಟರ್?’ ಎಂಬ ಒಂದೇ ಪ್ರಶ್ನೆಗೆ ತೃಪ್ತರಾಗುತ್ತೇವೆ. ತಯಾರಕರು ಕೊಡುವ ಅಂಕಿಯೂ ಒಂದೇ. ಅದು ವಾಹನ ತನ್ನಷ್ಟಕ್ಕೆ ತಾನು ಓಡಿದಾಗಿನ ಅಂಕಿ. ಹಿಂದೆ ಏನನ್ನಾದರೂ ಕಟ್ಟಿ ಎಳೆಸಿದರೆ ಏನಾಗುತ್ತದೆ ಎಂಬುದು ಮಾಹಿತಿ ಪತ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಈ ಪ್ರಶ್ನೆ ನನ್ನ ಬಳಿಗೆ ಬಂದದ್ದು ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕದಿಂದ. ಅಲ್ಲಿ ನನ್ನ ಬಂಧುವೊಬ್ಬನಿಗೆ ಟ್ರ್ಯಾಕ್ಟರ್ ಇದೆ. ಹಂಗಾಮಿನಲ್ಲಿ ಜೋಡಿ ಟ್ರೇಲರ್ ಕಟ್ಟಿ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವುದೇ ಅವನ ಸಂಪಾದನೆಯ ಬಹುಪಾಲು. ಹಳೆಯ ಟ್ರ್ಯಾಕ್ಟರ್ ಬದಲಿಸುವ ಕಾಲ ಬಂದಿತ್ತು. ಡೀಸೆಲ್ ಖರ್ಚಿನಿಂದ ಬೇಸತ್ತು ವಿದ್ಯುತ್ ಟ್ರ್ಯಾಕ್ಟರ್ ಕೊಳ್ಳುವ ಯೋಚನೆಯಲ್ಲಿದ್ದ. ಅಷ್ಟರಲ್ಲಿ ಫೋನಿನಲ್ಲಿ ಅಮೆರಿಕದ ಒಂದು ವಿಡಿಯೊ ನೋಡಿದ. ದೊಡ್ಡದೊಂದು ವಿದ್ಯುತ್ ಪಿಕಪ್ ಟ್ರಕ್ಕು ತನ್ನ ಹಿಂದೆ ಕ್ಯಾಂಪರ್, ಅಂದರೆ ಗಾಲಿಗಳ ಮೇಲಿನ ಪುಟ್ಟ ಮನೆಯೊಂದನ್ನು ಎಳೆಯುತ್ತಿತ್ತು. ಅರ್ಧ ದಾರಿಯಲ್ಲೇ ಅದರ ಬ್ಯಾಟರಿ ಬರಿದಾಗತೊಡಗಿತ್ತು. ‘ಕಾಕಾ, ಬರೀ ಒಂದು ಸಣ್ಣ ಮನಿ ಜಗ್ಗಿದ್ರ ಹಿಂಗ, ಇನ್ನ ಇಪ್ಪತ್ತು ಟನ್ ಕಬ್ಬು ಜಗ್ಗಿದ್ರ ಹೆಂಗ?’ ಎಂಬುದು ಅವನ ಪ್ರಶ್ನೆ. ಸಾಲ ಮಾಡಿ ಕೊಳ್ಳುವವನ ಪ್ರಶ್ನೆಗೆ ಅಂದಾಜಿನ ಸಮಾಧಾನ ಸಲ್ಲದು. ಆದ್ದರಿಂದ ಲೆಕ್ಕ ಹಾಕಿಯೇ ಉತ್ತರಿಸಬೇಕಾಯಿತು.

ಮೊದಲು ಅಮೆರಿಕದ ಕಥೆಯನ್ನೇ ನೋಡೋಣ. ಫೋರ್ಡ್ ಸಂಸ್ಥೆಯ ಎಫ್-150 ಲೈಟ್ನಿಂಗ್ ಎಂಬ ವಿದ್ಯುತ್ ಟ್ರಕ್ಕು 2022ರಲ್ಲಿ ಮಾರುಕಟ್ಟೆಗೆ ಬಂತು. ಅದರ ಅತಿ ದುಬಾರಿ ಮಾದರಿಯ ಬ್ಯಾಟರಿಯಲ್ಲಿ 131 ಯೂನಿಟ್ ವಿದ್ಯುತ್ ಬಳಕೆಗೆ ಸಿಗುತ್ತದೆ. ಅಧಿಕೃತ ಪ್ರಮಾಣಪತ್ರದ ಪ್ರಕಾರ ಅದರ ಓಟ 300 ಮೈಲಿ, ಅಂದರೆ ಸುಮಾರು 480 ಕಿಲೊಮೀಟರ್. ಅದೇ ವರ್ಷ ಮೋಟರ್‌ಟ್ರೆಂಡ್ ಪತ್ರಿಕೆ ಆ ಟ್ರಕ್ಕಿಗೆ ಮೂರು ಬೇರೆ ಬೇರೆ ಗಾತ್ರದ ಕ್ಯಾಂಪರ್‌ಗಳನ್ನು ಕಟ್ಟಿ ಹೆದ್ದಾರಿಯಲ್ಲಿ ಓಡಿಸಿ ಪರೀಕ್ಷಿಸಿತು. ಸುಮಾರು 1.4 ಟನ್ ತೂಕದ ಚಿಕ್ಕ ಕ್ಯಾಂಪರ್ ಕಟ್ಟಿದಾಗ ಓಟ 115 ಮೈಲಿಗೆ ಇಳಿಯಿತು. 2.4 ಟನ್ನಿನದಕ್ಕೆ 100 ಮೈಲಿ. 3.3 ಟನ್ನಿನ ದೊಡ್ಡದಕ್ಕೆ 90 ಮೈಲಿ.

ಈ ಅಂಕಿಗಳನ್ನು ಮೇಲುಮೇಲಕ್ಕೆ ಓದಿದವರು ‘ಭಾರ ಎಳೆದರೆ ಬ್ಯಾಟರಿ ತಾಳದು’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆದರೆ ಇನ್ನೊಮ್ಮೆ ಗಮನಿಸಿ. ಅತಿ ಚಿಕ್ಕ ಕ್ಯಾಂಪರ್ ಕಟ್ಟಿದ ಮಾತ್ರಕ್ಕೇ ಅರ್ಧಕ್ಕಿಂತ ಹೆಚ್ಚು ಓಟ ಮಾಯವಾಯಿತು. ಅನಂತರ ತೂಕ ಎರಡು ಪಟ್ಟಿಗೂ ಮಿಗಿಲಾಗಿ ಏರಿದರೂ ಕಡಿಮೆಯಾದದ್ದು ಕೇವಲ 25 ಮೈಲಿ. ತೂಕವೇ ಅಪರಾಧಿಯಾಗಿದ್ದರೆ ಹೀಗಾಗುತ್ತಿರಲಿಲ್ಲ. ಹಾಗಾದರೆ ಬ್ಯಾಟರಿಯನ್ನು ತಿಂದದ್ದು ಯಾವುದು?

ಗಾಳಿ. ರಸ್ತೆಯ ಮೇಲೆ ಸಾಗುವ ಯಾವುದೇ ವಾಹನ ಮುಖ್ಯವಾಗಿ ಮೂರು ತಡೆಗಳನ್ನು ಗೆಲ್ಲಬೇಕು. ಒಂದು, ಗಾಲಿ ಉರುಳುವಾಗಿನ ತಡೆ. ಇದು ಒಟ್ಟು ತೂಕಕ್ಕೆ ಮತ್ತು ರಸ್ತೆಯ ಗುಣಕ್ಕೆ ತಕ್ಕಂತೆ ಇರುತ್ತದೆ. ಎರಡು, ಏರಿನಲ್ಲಿ ಭಾರವನ್ನು ಮೇಲೆತ್ತುವ ಶ್ರಮ. ಮೂರು, ಎದುರಿನ ಗಾಳಿಯನ್ನು ಸೀಳುವ ಶ್ರಮ. ಇದು ವಾಹನದ ಆಕಾರ, ಎದುರಿನ ವಿಸ್ತೀರ್ಣ ಮತ್ತು ವೇಗವನ್ನು ಅವಲಂಬಿಸಿದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಕ್ಯಾಂಪರ್ ಎಂಬುದು ಗೋಡೆಯಂತೆ ನೆಟ್ಟಗೆ ನಿಂತ ಮುಖದ, ಟ್ರಕ್ಕಿಗಿಂತ ಎತ್ತರದ ಪೆಟ್ಟಿಗೆ. ಗಂಟೆಗೆ 110 ಕಿಲೊಮೀಟರ್ ವೇಗದಲ್ಲಿ 1.4 ಟನ್ನಿನ ಇಂಥ ಪೆಟ್ಟಿಗೆಯ ಗಾಲಿಗಳನ್ನು ಉರುಳಿಸಲು ಕಿಲೊಮೀಟರಿಗೆ ಒಂದು ಯೂನಿಟ್ಟಿನ ಇಪ್ಪತ್ತನೆಯ ಒಂದು ಭಾಗದಷ್ಟು ವಿದ್ಯುತ್ ಸಾಕು. ಆದರೆ ಅದು ತಡೆಯುವ ಗಾಳಿಯನ್ನು ಗೆಲ್ಲಲು ನನ್ನ ಅಂದಾಜಿನಂತೆ ಹತ್ತಿರ ಹತ್ತಿರ ಅದರ ಹತ್ತು ಪಟ್ಟು ಬೇಕು. ಚಿಕ್ಕ ಕ್ಯಾಂಪರ್‌ಗೂ ದೊಡ್ಡದಕ್ಕೂ ತೂಕದಲ್ಲಿ ಅಜಗಜಾಂತರವಿದ್ದರೂ ಗಾಳಿಗೆ ಒಡ್ಡುವ ಮುಖದಲ್ಲಿ ಅಷ್ಟೊಂದು ಅಂತರವಿಲ್ಲ. ಓಟದಲ್ಲಿನ ವ್ಯತ್ಯಾಸ ಅಲ್ಪವಾದದ್ದು ಅದಕ್ಕೇ.

ಇಲ್ಲೊಂದು ನ್ಯಾಯದ ಮಾತನ್ನೂ ಹೇಳಬೇಕು. ಪೆಟ್ರೋಲ್ ಅಥವಾ ಡೀಸೆಲ್ ಟ್ರಕ್ಕಿಗೆ ಕ್ಯಾಂಪರ್ ಕಟ್ಟಿದರೂ ಇಂಧನದ ಖರ್ಚು ಹೀಗೆಯೇ ಏರುತ್ತದೆ. ಗಾಳಿಗೆ ಎಂಜಿನ್ ಯಾವುದೆಂಬ ಪಕ್ಷಪಾತವಿಲ್ಲ. ಆದರೆ ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಎಂಜಿನ್ನು ಅದರಲ್ಲಿ ಮೂರನೆಯ ಒಂದು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸಿದರೂ 60 ಲೀಟರಿನ ಟ್ಯಾಂಕು 200 ಯೂನಿಟ್ ಕೆಲಸಕ್ಕೆ ಸಾಕಾಗುತ್ತದೆ. ಬರಿದಾದರೆ ಐದು ನಿಮಿಷದಲ್ಲಿ ತುಂಬಿಸಬಹುದು. ಡೀಸೆಲ್ ಟ್ಯಾಂಕು ಮುಚ್ಚಿಡುವ ನಷ್ಟವನ್ನು ಬ್ಯಾಟರಿ ಬಯಲಿಗೆಳೆಯುತ್ತದೆ, ಅಷ್ಟೆ. ಆದರೂ ಮಾರುಕಟ್ಟೆ ಆ ನಷ್ಟವನ್ನು ಕ್ಷಮಿಸಲಿಲ್ಲ. ಫೋರ್ಡ್ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಲೈಟ್ನಿಂಗ್‌ನ ಪೂರ್ಣ ವಿದ್ಯುತ್ ಮಾದರಿಗೆ ವಿದಾಯ ಹೇಳಿ, ಮುಂದಿನ ಮಾದರಿಯಲ್ಲಿ ಬ್ಯಾಟರಿಗೆ ಚಾರ್ಜ್ ತುಂಬುವ ಎಂಜಿನ್ನನ್ನೂ ಜೊತೆಗಿಡುವುದಾಗಿ ಘೋಷಿಸಿತು. ದೂರದ ಪ್ರಯಾಣದಲ್ಲಿ ಭಾರ ಎಳೆಯುವವರನ್ನು ಒಲಿಸಿಕೊಳ್ಳುವುದು ಈ ನಿರ್ಧಾರದ ಉದ್ದೇಶಗಳಲ್ಲೊಂದು.

ಇನ್ನು ಉಗಾರಕ್ಕೆ ಮರಳೋಣ. ಬುದ್ರುಕ ಎಂದರೆ ಹಿರಿದು, ಖುರ್ದ ಎಂದರೆ ಕಿರಿದು. ಕಿರಿಯ ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ ಸುತ್ತಲಿನ ಹಳ್ಳಿಗಳ ಬದುಕಿನ ಲಯವನ್ನೇ ಬದಲಿಸಿತು. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಈ ಸೀಮೆಯ ರಸ್ತೆಗಳಲ್ಲಿ ಜೋಡಿ ಟ್ರೇಲರ್‌ಗಳ ಸಾಲು ತಪ್ಪದು. ಟ್ರ್ಯಾಕ್ಟರ್, ಎರಡು ಟ್ರೇಲರ್, ಮೇಲೆ ಹೇರಿದ ಕಬ್ಬು ಎಲ್ಲ ಸೇರಿ ಸುಮಾರು 20 ಟನ್ ಎಂದು ಇಟ್ಟುಕೊಳ್ಳೋಣ. ಡಾಂಬರು ರಸ್ತೆಯಲ್ಲಿ ಇದರ ವೇಗ ಗಂಟೆಗೆ 20 ಕಿಲೊಮೀಟರ್.

ಈ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಬಾರದಷ್ಟು ಅಲ್ಪ. ಕಿಲೊಮೀಟರಿಗೆ ಒಂದು ಯೂನಿಟ್ಟಿನ ಇಪ್ಪತ್ತೈದನೆಯ ಒಂದು ಭಾಗವೂ ಆಗದು. ಆದರೆ ಗಾಲಿಗಳನ್ನು ಉರುಳಿಸಲು ಒಳ್ಳೆಯ ಡಾಂಬರಿನ ಮೇಲೂ ಕಿಲೊಮೀಟರಿಗೆ ಸುಮಾರು 0.8 ಯೂನಿಟ್ ಬೇಕು. ಅಂದರೆ ಕ್ಯಾಂಪರ್‌ನ ಲೆಕ್ಕ ಇಲ್ಲಿ ಪೂರ್ತಿ ತಲೆಕೆಳಗು. ಅಲ್ಲಿ ಗಾಳಿ ತೂಕಕ್ಕಿಂತ ಹತ್ತು ಪಟ್ಟು; ಇಲ್ಲಿ ತೂಕ ಗಾಳಿಗಿಂತ ಇಪ್ಪತ್ತು ಪಟ್ಟು. ಅಲ್ಲಿ ವೇಗ ಇಳಿಸಿದರೆ ಓಟ ಹೆಚ್ಚುತ್ತದೆ. ಇಲ್ಲಿ ವೇಗ ಇಳಿಸಿ ಪಡೆಯುವ ಲಾಭ ಅತ್ಯಲ್ಪ. ಓಟ ಹೆಚ್ಚಬೇಕಾದರೆ ರಸ್ತೆ ಸುಧಾರಿಸಬೇಕು, ಟೈರಿನ ಗಾಳಿ ಸರಿಯಿರಬೇಕು.

ರಸ್ತೆಯ ಮಾತು ಸಣ್ಣದಲ್ಲ. ಹೊಲದಿಂದ ಡಾಂಬರು ತಲುಪುವವರೆಗಿನ ಮಣ್ಣಿನ ದಾರಿಯಲ್ಲಿ ಗಾಲಿಯ ತಡೆ ನಾಲ್ಕು ಪಟ್ಟಾಗುವುದು ಸಹಜ. ಎರೆಮಣ್ಣು ಹಸಿಯಿದ್ದರೆ ಅದಕ್ಕಿಂತಲೂ ಹೆಚ್ಚು. ಆಗ ಎರಡು ಕಿಲೊಮೀಟರ್ ಹೊಲದ ದಾರಿ ಎಂಟು ಕಿಲೊಮೀಟರ್ ಡಾಂಬರಿಗೆ ಸಮ. ಜೊತೆಗೆ ನದಿಯ ಮಗ್ಗುಲಿನ ಹೊಲಗಳಿಂದ ರಸ್ತೆಗೆ ಬರಲು ಏರು ಹತ್ತಬೇಕು. 20 ಟನ್ನನ್ನು ಹತ್ತು ಮೀಟರ್ ಮೇಲೆತ್ತಲು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ಕಟ್ಟಿಗೆಯ ಗಾಲಿಯ ಬಂಡಿ ಹೋಗಿ ಟೈರಿನ ಗಾಡಿ ಬಂದಾಗ ಅದೇ ಎತ್ತುಗಳು ಹೆಚ್ಚು ಹೇರು ಎಳೆಯತೊಡಗಿದ್ದನ್ನು ಈ ಭಾಗದ ಹಿರಿಯರು ಬಲ್ಲರು. ಎತ್ತಿನ ಬಲ ಹೆಚ್ಚಿರಲಿಲ್ಲ. ಗಾಲಿಯ ತಡೆ ತಗ್ಗಿತ್ತು. ಬೆಂಗಳೂರಿನ ಐಐಎಂನ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ದಶಕಗಳ ಕಾಲ ವಾದಿಸಿದ್ದರ ಹಿಂದೆಯೂ ಎಳೆಯುವ ಜೀವದ ಶ್ರಮವನ್ನು ವ್ಯರ್ಥಗೊಳಿಸಬಾರದೆಂಬ ಕಾಳಜಿಯಿತ್ತು. ಎಳೆಯುವುದು ಎತ್ತಾದರೇನು, ಬ್ಯಾಟರಿಯಾದರೇನು, ತತ್ತ್ವ ಒಂದೇ.

ಈಗ ಒಂದು ಖೇಪಿನ ಲೆಕ್ಕ. ಎರಡು ಕಿಲೊಮೀಟರ್ ಹೊಲದ ದಾರಿ, ಹತ್ತು ಕಿಲೊಮೀಟರ್ ಡಾಂಬರು. ಹೇರಿನೊಂದಿಗೆ ಹೋಗಲು ಸುಮಾರು 15 ಯೂನಿಟ್, ಬರಿದಾಗಿ ಮರಳಲು 4. ಮೋಟರು ಮತ್ತು ಗೇರುಗಳಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಒಟ್ಟು 22 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 176 ರೂಪಾಯಿ. ಇದೇ ಕೆಲಸಕ್ಕೆ ಡೀಸೆಲ್ ಟ್ರ್ಯಾಕ್ಟರಿಗೆ ಏಳೂವರೆ ಲೀಟರ್ ಬೇಕೆಂದು ಅಂದಾಜಿಸಿ, ಲೀಟರಿಗೆ 90 ರೂಪಾಯಿ ಹಿಡಿದರೆ 675 ರೂಪಾಯಿ. ಖೇಪೊಂದಕ್ಕೆ 500 ರೂಪಾಯಿ ಉಳಿತಾಯ. ದಿನಕ್ಕೆ ಎರಡು ಖೇಪು, 120 ದಿನಗಳ ಹಂಗಾಮು ಎಂದರೆ ವರ್ಷಕ್ಕೆ 1 ಲಕ್ಷ 20 ಸಾವಿರ. ಅಂದರೆ ಭಾರ ಎಳೆಯುವುದು ಬ್ಯಾಟರಿಗೆ ಅಸಾಧ್ಯವಲ್ಲ. ದೂರ ಕಡಿಮೆ, ವೇಗ ಕಡಿಮೆ, ಹೋಗುವ ಜಾಗ ಪ್ರತಿದಿನವೂ ಒಂದೇ. ರಜೆಯಲ್ಲಿ ಕ್ಯಾಂಪರ್ ಎಳೆದುಕೊಂಡು ಊರೂರು ತಿರುಗುವ ಅಮೆರಿಕದವನಿಗಿಂತ ಕಬ್ಬಿನ ಟ್ರ್ಯಾಕ್ಟರಿನವನ ಕೆಲಸ ಬ್ಯಾಟರಿಗೆ ಹೆಚ್ಚು ಒಗ್ಗುವಂಥದ್ದು.

ಹಾಗಾದರೆ ತೊಡಕೆಲ್ಲಿ? ಯಂತ್ರದ ಗಾತ್ರದಲ್ಲಿ. ಸೋನಾಲಿಕಾ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಟೈಗರ್ ಎಲೆಕ್ಟ್ರಿಕ್ ಟ್ರ್ಯಾಕ್ಟರಿನ ಬ್ಯಾಟರಿ 25.5 ಯೂನಿಟ್ಟಿನದು. ಎರಡು ಟನ್ನಿನ ಟ್ರಾಲಿ ಎಳೆಯುತ್ತ ಎಂಟು ಗಂಟೆ ನಡೆಯುತ್ತದೆ ಎಂಬುದು ತಯಾರಕರ ಹೇಳಿಕೆ. ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 2023ರಲ್ಲಿ ಅನಾವರಣಗೊಳಿಸಿದ ಪ್ರೈಮಾ ಇಟಿ-11 ಕೂಡ ಸಣ್ಣ ರೈತರಿಗೆಂದೇ ರೂಪಿಸಿದ ಪುಟ್ಟ ಟ್ರ್ಯಾಕ್ಟರು. ಹೊಲದ ಕೆಲಸದಲ್ಲಿ ನಾಲ್ಕು ಗಂಟೆಗೂ ಹೆಚ್ಚು, ಸಾಗಣೆಯಲ್ಲಿ ಆರು ಗಂಟೆಗೂ ಹೆಚ್ಚು ನಡೆಯುತ್ತದೆ ಎಂದು ಅದರ ಬಗ್ಗೆ ಹೇಳಲಾಗಿದೆ. ಇವೆರಡೂ ಕಿಲೊಮೀಟರ್ ಬಿಟ್ಟು ಗಂಟೆಯಲ್ಲಿ ಮಾತನಾಡುತ್ತವೆ, ಕೆಲಸ ಯಾವುದೆಂದು ಹೇಳುತ್ತವೆ ಎಂಬುದು ಮೆಚ್ಚತಕ್ಕದ್ದು. ಆದರೆ ಎರಡು ಟನ್ನಿಗೆ ಹೇಳಿದ ಎಂಟು ಗಂಟೆಯನ್ನು ಇಪ್ಪತ್ತು ಟನ್ನಿಗೆ ಅನ್ವಯಿಸಲಾಗದು. ಜೋಡಿ ಟ್ರೇಲರ್ ಎಳೆಯಲು 45 ಅಶ್ವಶಕ್ತಿಯ ಯಂತ್ರ ಬೇಕು. ದಿನಕ್ಕೆ ಎರಡು ಖೇಪು ನಿಶ್ಚಿಂತೆಯಿಂದ ಮುಗಿಯಬೇಕಾದರೆ ಬ್ಯಾಟರಿ 50 ಯೂನಿಟ್ಟಿಗಿಂತ ದೊಡ್ಡದಿರಬೇಕು, ಇಲ್ಲವೇ ನಡುವೆ ಚಾರ್ಜಿಗೆ ಅವಕಾಶವಿರಬೇಕು. ಬ್ಯಾಟರಿ ದೊಡ್ಡದಾದರೆ ಬೆಲೆಯೂ ತೂಕವೂ ಏರುತ್ತವೆ. ತೂಕವಂತೂ ಪೂರ್ಣ ಶಾಪವಲ್ಲ. ಹಿಡಿತ ಸಿಗಲೆಂದು ಹಿಂದಿನ ಗಾಲಿಗೆ ನೀರು ತುಂಬಿಸುವ, ಎರಕದ ಕಬ್ಬಿಣದ ತೂಕ ಕಟ್ಟುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಬ್ಯಾಟರಿಯೇ ಆ ಕೆಲಸ ಮಾಡೀತು. ಆದರೆ ಬೆಲೆಗೆ ಇಂಥ ಪರಿಹಾರವಿಲ್ಲ.

ಚಾರ್ಜು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಕಣ್ಣೆದುರೇ ಇದೆ ಎಂದು ನನಗನಿಸುತ್ತದೆ. ನೀರಾವರಿ ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ವಿದ್ಯುತ್ ಕೊಡುವುದು ರಾಜ್ಯದ ನೀತಿ. ಅದನ್ನು ನಂಬಿ ಹೊಲದಲ್ಲಿ ಟ್ರ್ಯಾಕ್ಟರ್ ಚಾರ್ಜು ಮಾಡುವುದು ಸಾಧುವೂ ಅಲ್ಲ, ಸಾಧ್ಯವೂ ಅಲ್ಲ. ಆದರೆ ಕಬ್ಬಿನ ಟ್ರ್ಯಾಕ್ಟರ್ ದಿನದ ಬಹುಭಾಗವನ್ನು ಕಳೆಯುವುದು ಕಾರ್ಖಾನೆಯ ಆವರಣದಲ್ಲಿ, ತೂಕದ ಪಾಳಿಗಾಗಿ ಕಾಯುತ್ತ. ಅದೇ ಕಾರ್ಖಾನೆ ಅದೇ ತಿಂಗಳುಗಳಲ್ಲಿ ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ ಉತ್ಪಾದಿಸುತ್ತದೆ. ಉಗಾರವೂ ಸೇರಿದಂತೆ ಈ ಸೀಮೆಯ ಹಲವು ಕಾರ್ಖಾನೆಗಳಲ್ಲಿ ಸಹವಿದ್ಯುತ್ ಘಟಕಗಳಿವೆ. ಟ್ರ್ಯಾಕ್ಟರು ತಂದ ಕಬ್ಬಿನ ಸಿಪ್ಪೆಯೇ ಟ್ರ್ಯಾಕ್ಟರನ್ನು ಓಡಿಸಬಹುದು. ಇದು ಕವಿಕಲ್ಪನೆಯಲ್ಲ, ಒಂದು ತಂತಿ ಎಳೆಯುವಷ್ಟು ಹತ್ತಿರದ ಮಾತು. ಆದರೆ ಅಮೆರಿಕದ ಅನುಭವದಿಂದ ಇಲ್ಲೊಂದು ಪಾಠ ಕಲಿಯಬೇಕು. ಅಲ್ಲಿನ ಅನೇಕ ಚಾರ್ಜಿಂಗ್ ಕೇಂದ್ರಗಳನ್ನು ಒಂಟಿ ಕಾರು ನಿಲ್ಲಿಸುವಂತೆ ಕಟ್ಟಿರುವುದರಿಂದ ಪ್ರತಿ ಸಲವೂ ಕ್ಯಾಂಪರ್ ಬಿಚ್ಚಿ ಪಕ್ಕಕ್ಕಿಟ್ಟು ಬರಬೇಕಾಗುತ್ತದೆ. ಜೋಡಿ ಟ್ರೇಲರ್ ಹಿಮ್ಮುಖವಾಗಿ ಚಲಿಸುವುದಂತೂ ದುಸ್ತರ. ನಮ್ಮಲ್ಲಿ ಚಾರ್ಜಿನ ಕಂಬಗಳು ಸರದಿಯ ಸಾಲಿನ ಮಗ್ಗುಲಲ್ಲೇ ಇರಬೇಕು. ಟ್ರ್ಯಾಕ್ಟರು ಮುಂದೆ ಸಾಗುತ್ತಲೇ ಹೊರಬೀಳುವಂತಿರಬೇಕು.

ಇನ್ನೊಂದು ಎಚ್ಚರಿಕೆ. ವಿದ್ಯುತ್ ವಾಹನ ವೇಗ ತಗ್ಗಿಸುವಾಗ ಮೋಟರೇ ಜನರೇಟರ್ ಆಗಿ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ ಎಂಬ ಪ್ರಚಾರವಿದೆ. ಅದು ನಿಜ. ಆದರೆ ಆ ತಡೆ ಬೀಳುವುದು ಟ್ರ್ಯಾಕ್ಟರಿನ ಗಾಲಿಗಳ ಮೇಲೆ ಮಾತ್ರ. ಹಿಂದಿನ ಟ್ರೇಲರ್‌ಗಳಿಗೆ ಸ್ವಂತ ಬ್ರೇಕಿಲ್ಲದಿದ್ದರೆ ಇಳಿಜಾರಿನಲ್ಲಿ ಅವು ಟ್ರ್ಯಾಕ್ಟರನ್ನೇ ಮುಂದಕ್ಕೆ ನೂಕುತ್ತವೆ. ಬ್ರೇಕು, ಹಿಂಬದಿಯ ದೀಪ, ಪ್ರತಿಫಲಕ ಪಟ್ಟಿ ಯಾವುದೂ ಇಲ್ಲದ ಟ್ರೇಲರ್‌ಗಳು ರಾತ್ರಿ ರಸ್ತೆಯಲ್ಲಿ ಎಷ್ಟು ಅಪಾಯಕಾರಿ ಎಂಬುದನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಎಳೆಯುವ ಯಂತ್ರ ಹೊಸದಾದ ಮಾತ್ರಕ್ಕೆ ಎಳೆಸಿಕೊಳ್ಳುವ ಗಾಡಿಯ ದೋಷ ತೊಲಗದು.

ಸರ್ಕಾರದ ಪಾಲಿನ ಕೆಲಸವೇನು? ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ವಿದ್ಯುತ್ ಟ್ರಕ್ಕುಗಳಿಗೆಂದು 500 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. 2025ರ ಜುಲೈನಲ್ಲಿ ಪ್ರಕಟವಾದ ಮಾರ್ಗಸೂಚಿಯಂತೆ ಟ್ರಕ್ಕೊಂದಕ್ಕೆ ಗರಿಷ್ಠ 9.6 ಲಕ್ಷ ರೂಪಾಯಿಯವರೆಗೆ ನೆರವುಂಟು. ಕೃಷಿ ಟ್ರ್ಯಾಕ್ಟರ್ ಆ ಪಟ್ಟಿಯಲ್ಲಿಲ್ಲ. ಗ್ರಾಮೀಣ ಭಾರತದ ನಿಜವಾದ ಸಾಗಣೆ ವಾಹನ ಟ್ರ್ಯಾಕ್ಟರೇ ಎಂಬುದು ದೆಹಲಿಗೆ ತಿಳಿಯದ ಸಂಗತಿಯೇನಲ್ಲ. ಇದರ ನಡುವೆ ಸ್ವಾಗತಾರ್ಹ ಹೆಜ್ಜೆಯೊಂದು ಬಿದ್ದಿದೆ. ಭಾರತೀಯ ಮಾನಕ ಬ್ಯೂರೊ 2025ರಲ್ಲಿ ವಿದ್ಯುತ್ ಕೃಷಿ ಟ್ರ್ಯಾಕ್ಟರುಗಳಿಗೆಂದೇ ಪ್ರತ್ಯೇಕ ಪರೀಕ್ಷಾ ಸಂಹಿತೆಯನ್ನು ಹೊರತಂದಿತು. ಟ್ರ್ಯಾಕ್ಟರಿನ ಕೊಕ್ಕೆಯಲ್ಲಿ ದೊರೆಯುವ ಎಳೆಯುವ ಶಕ್ತಿಯ ಪರೀಕ್ಷೆಯೂ ಅದರಲ್ಲಿ ಸೇರಿದೆ. ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂತಿಷ್ಟು ಟನ್ ಕಟ್ಟಿದರೆ ಡಾಂಬರಿನಲ್ಲಿ ಇಷ್ಟು ಕಿಲೊಮೀಟರ್, ಮಣ್ಣಿನ ದಾರಿಯಲ್ಲಿ ಇಷ್ಟು ಎಂಬ ಕೋಷ್ಟಕವನ್ನು ಮಾರಾಟಗಾರರು ಕಡ್ಡಾಯವಾಗಿ ಕೊಳ್ಳುವವನ ಕೈಗಿಡುವಂತಾಗಬೇಕು. ಸಾಲ ಕೊಡುವ ಬ್ಯಾಂಕುಗಳೂ ಆ ಕೋಷ್ಟಕವನ್ನು ಕೇಳಬೇಕು.

ಇದರಲ್ಲಿ ಟ್ರ್ಯಾಕ್ಟರ್ ಮಾಲೀಕನೊಬ್ಬನ ಹಿತ ಮಾತ್ರ ಅಡಗಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ಹೂಡಿದ ಹೋರಾಟ, ಸರ್ಕಾರ 3,300 ರೂಪಾಯಿ ಘೋಷಿಸುವುದರೊಂದಿಗೆ ಒಂದು ಘಟ್ಟ ಮುಟ್ಟಿತು. ಆ ಚರ್ಚೆಯುದ್ದಕ್ಕೂ ಮತ್ತೆ ಮತ್ತೆ ಕೇಳಿಬಂದ ಮಾತು ‘ಕಟಾವು ಮತ್ತು ಸಾಗಾಣಿಕೆ ವೆಚ್ಚ’. ಕಾರ್ಖಾನೆ ಕಬ್ಬು ಕಡಿಸಿ ತಂದರೆ ಆ ವೆಚ್ಚ ಬೆಳೆಗಾರನ ಲೆಕ್ಕಕ್ಕೆ ಬೀಳುತ್ತದೆ. ಅಲ್ಲಿ ಟನ್ನಿಗೆ ಐವತ್ತು ನೂರು ರೂಪಾಯಿಗಾಗಿ ರೈತರು ಹಗಲಿರುಳು ರಸ್ತೆಯಲ್ಲಿ ಕುಳಿತರು. ಮೇಲಿನ ಲೆಕ್ಕದಂತೆ ಒಂದು ಖೇಪಿನಲ್ಲಿ ಹದಿನಾಲ್ಕು ಟನ್ ಕಬ್ಬು ಬಂದರೆ 500 ರೂಪಾಯಿ ಉಳಿತಾಯವೆಂದರೆ ಟನ್ನಿಗೆ ಸುಮಾರು 35 ರೂಪಾಯಿ. ಇದು ಯಾರ ಕೈ ಸೇರಬೇಕು? ಟ್ರ್ಯಾಕ್ಟರಿಗೆ ಸಾಲ ಮಾಡಿದವನಿಗೋ, ವಿದ್ಯುತ್ ಕೊಡುವ ಕಾರ್ಖಾನೆಗೋ, ಕಬ್ಬು ಬೆಳೆದವನಿಗೋ? ಯಂತ್ರ ಬರುವ ಮೊದಲೇ ಇದು ಇತ್ಯರ್ಥವಾಗಬೇಕು. ಬಂದ ಮೇಲೆ ಕೇಳಿದರೆ ಉತ್ತರ ಯಾರ ಪರವಾಗಿ ಬರುತ್ತದೆಂಬುದು ಈ ಸೀಮೆಗೆ ಹೊಸತಲ್ಲ.

ನನ್ನ ಬಂಧುವಿಗೆ ನಾನು ಹೇಳಿದ್ದಿಷ್ಟು: ‘ಅಮೆರಿಕದ ವಿಡಿಯೊ ನೋಡಿ ಹೆದರಬೇಡ, ಇಲ್ಲಿನ ಜಾಹೀರಾತು ನೋಡಿ ಮರುಳಾಗಲೂ ಬೇಡ. ಮಾರಾಟಗಾರನನ್ನು ಹಂಗಾಮಿನ ಒಂದು ದಿನ ಊರಿಗೆ ಕರೆಸು. ನಿನ್ನವೇ ಎರಡು ಟ್ರೇಲರ್ ಕಟ್ಟಿ, ನಿನ್ನದೇ ಹೊಲದ ದಾರಿಯಿಂದ ಕಾರ್ಖಾನೆಯ ತೂಕದವರೆಗೆ ಓಡಿಸಿ ತೋರಿಸಲಿ. ಹೊರಡುವಾಗ ಎಷ್ಟು ಯೂನಿಟ್ ಇತ್ತು, ಮರಳಿದಾಗ ಎಷ್ಟು ಉಳಿಯಿತು, ಬರೆದಿಟ್ಟುಕೊ. ಹಾಗೆ ತೋರಿಸಲು ಒಪ್ಪದವನ ಬಳಿ ಕೊಳ್ಳಬೇಡ.’ ಅವನು ಈಗ ಹಳೆಯ ಟ್ರ್ಯಾಕ್ಟರಿಗೇ ಹೊಸ ಟೈರು ಹಾಕಿಸಿ ಇನ್ನೊಂದು ಹಂಗಾಮು ಕಾಯಲು ನಿರ್ಧರಿಸಿದ್ದಾನೆ. ಆ ಒಂದು ಹಂಗಾಮಿನೊಳಗೆ ಹೊರೆ ಕಟ್ಟಿದ ಓಟದ ಅಂಕಿಯನ್ನು ಮಾರಾಟಗಾರರೂ, ಚಾರ್ಜಿನ ಕಂಬವನ್ನು ಕಾರ್ಖಾನೆಗಳೂ, ಉಳಿತಾಯದ ಪಾಲನ್ನು ಸರ್ಕಾರವೂ ಸ್ಪಷ್ಟಪಡಿಸಿದರೆ ಅವನಂಥ ಸಾವಿರಾರು ಮಂದಿ ಕಾದದ್ದು ಸಾರ್ಥಕವಾದೀತು.